ಯುದ್ಧ ಮುಗಿಸಿ ಬಂದವನ ಸಂಸಾರ

ದೆಹಲಿಗೆ ಹೋಗಿಬಂದ ನಮ್ಮವರಲ್ಲಿ ಹಲವರು ತೀನ್ ಮೂರ್ತಿ ಚೌಕವನ್ನು ನೋಡಿರುತ್ತಾರೆ. ಅಲ್ಲಿ ನಿಂತಿರುವ ಮೂರು ವಿಗ್ರಹಗಳು ಹೈದರಾಬಾದು, ಜೋಧಪುರ ಮತ್ತು ನಮ್ಮ ಮೈಸೂರು ಸಂಸ್ಥಾನದ ಕುದುರೆಸವಾರರವು. ಪ್ರಥಮ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಪಟ್ಟಣವನ್ನು ಗೆದ್ದುಕೊಂಡವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಆ ಸವಾರ ಊರಿಗೆ ಮರಳಿದ ಮೇಲೆ ಅವನ ಮನೆಯ ಒಲೆ ಹೇಗೆ ಉರಿಯಿತು, ಹೆಂಡತಿ ಮಕ್ಕಳು ಏನು ಉಂಡರು, ಸಾಲ ಎಷ್ಟಾಯಿತು ಎಂಬುದನ್ನು ಸ್ಮಾರಕದ ಕಲ್ಲು ಹೇಳುವುದಿಲ್ಲ. ಅದು ಕಲ್ಲಿನ ಕೆಲಸವೂ ಅಲ್ಲವೆನ್ನಿ.

ಹೇಳುವವನು ಎಲ್ಲೋ ಒಬ್ಬ ಸಿಗುತ್ತಾನೆ. ಕೆಲವು ವರ್ಷಗಳ ಹಿಂದೆ ಇಲ್ಲಿ ಮುಂಬಯಿಯ ಹುತಾತ್ಮಾ ಚೌಕದ ಬಳಿ, ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ, ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಬಂತು. ಹೆಸರು ‘ಎ ಫಾರ್ಚುನೇಟ್ ಲೈಫ್’. ಭಾಗ್ಯವಂತನ ಬಾಳು ಎಂದು ಅರ್ಥ ಹೇಳಬಹುದು. ಬರೆದವರು ಆಲ್ಬರ್ಟ್ ಫೇಸಿ ಎಂಬ ಆಸ್ಟ್ರೇಲಿಯಾದ ಕೂಲಿಕಾರ. ಯಾರೋ ದೊಡ್ಡ ಮನುಷ್ಯನ ಆತ್ಮಪ್ರಶಂಸೆ ಇರಬೇಕೆಂದುಕೊಂಡು ಲೋಕಲ್ ಗಾಡಿಯಲ್ಲಿ ತೆರೆದೆ. ನಾನು ಇಳಿಯಬೇಕಾದ ಸ್ಟೇಷನ್ನು ದಾಟಿಹೋದದ್ದು ತಿಳಿಯಲಿಲ್ಲ.

ಫೇಸಿ ಹುಟ್ಟಿದ್ದು 1894ರಲ್ಲಿ, ವಿಕ್ಟೋರಿಯಾ ಪ್ರಾಂತದಲ್ಲಿ. ತಂದೆ ಬಂಗಾರದ ಗಣಿಗಳನ್ನು ಹುಡುಕಿಕೊಂಡು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿಯೇ ವಿಷಮಜ್ವರದಿಂದ ತೀರಿಕೊಂಡರು. ತಾಯಿ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ಬೇರೆ ದಾರಿ ಹಿಡಿದಳು. ಎಂಟನೆಯ ವಯಸ್ಸಿನಿಂದಲೇ ಹುಡುಗ ಪರರ ಹೊಲಮನೆಗಳಲ್ಲಿ ಜೀತದಂಥ ದುಡಿಮೆಗೆ ಬಿದ್ದ. ಒಂದು ಮನೆಯಲ್ಲಿ ಚಾವಟಿಯ ಏಟೂ ತಿಂದ. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಓದುಬರಹವನ್ನು ತಾನೇ ಕಲಿತುಕೊಂಡ. ನಮ್ಮ ಹೋಟೆಲ್ ಹುಡುಗರಿಗೆ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳಾದರೂ ಇದ್ದವು. ಅವನಿಗೆ ಅದೂ ಇರಲಿಲ್ಲ. ಅವನ ಬಾಲ್ಯದ ಕಥೆಯೇ ಅರ್ಧ ಪುಸ್ತಕ. ನಾನು ಹೇಳಹೊರಟಿರುವುದು ಮಾತ್ರ ಅದರ ಮುಂದಿನ ಭಾಗವನ್ನು, ಎಂದರೆ ಸೈನ್ಯದಿಂದ ಮರಳಿದ ಮೇಲಿನ ಅರುವತ್ತು ವರ್ಷಗಳನ್ನು.

1915ರ ಜನವರಿಯಲ್ಲಿ ಫೇಸಿ ಸೈನ್ಯಕ್ಕೆ ಸೇರಿದರು. ಆಗ ಆಸ್ಟ್ರೇಲಿಯಾದ ಜನಸಂಖ್ಯೆ ಐವತ್ತು ಲಕ್ಷವೂ ಇರಲಿಲ್ಲ. ಅಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೈನ್ಯಕ್ಕೆ ಹೆಸರು ಕೊಟ್ಟರು, ಸುಮಾರು ಅರುವತ್ತು ಸಾವಿರ ಮಂದಿ ಸತ್ತರು. ಇವರೆಲ್ಲ ಸ್ವಂತ ಇಚ್ಛೆಯಿಂದ ಸೇರಿದವರು. ಸೈನ್ಯಸೇವೆಯನ್ನು ಕಡ್ಡಾಯ ಮಾಡಬೇಕೇ ಎಂದು ಸರಕಾರ 1916ರಲ್ಲೂ 1917ರಲ್ಲೂ ಜನಮತ ಕೇಳಿತು. ಎರಡು ಸಲವೂ ಜನ ಬೇಡವೆಂದರು. ಸಿಪಾಯಿಗೆ ದಿನಕ್ಕೆ ಆರು ಶಿಲಿಂಗು ಸಂಬಳ. ಅದರಲ್ಲಿ ಒಂದು ಶಿಲಿಂಗು ಬಿಡುಗಡೆಯ ದಿನಕ್ಕೆಂದು ಹಿಡಿದಿಡುತ್ತಿದ್ದರು. ಗಂಡ, ಹೆಂಡತಿ, ಮೂರು ಮಕ್ಕಳು ಮಿತವಾಗಿ ಬದುಕಲು ದಿನಕ್ಕೆ ಏಳು ಶಿಲಿಂಗು ಬೇಕೆಂದು ಅಲ್ಲಿಯ ಕಾರ್ಮಿಕ ನ್ಯಾಯಾಲಯ 1907ರಲ್ಲಿ ತೀರ್ಪು ಕೊಟ್ಟಿತ್ತು. ಎಂದಮೇಲೆ ಕೂಲಿಯವನಿಗೆ ಸೈನ್ಯವೂ ಒಂದು ಕೂಲಿಯೇ. ದೇಶಾಭಿಮಾನ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಅದರ ಜೊತೆಗೆ ಹೊಟ್ಟೆಯೂ ಇತ್ತು.

ಹನ್ನೊಂದನೆಯ ಬೆಟಾಲಿಯನ್ನಿನೊಡನೆ ಅವರು ಹೋದದ್ದು ತುರ್ಕಸ್ಥಾನದ ಗ್ಯಾಲಿಪೊಲಿಗೆ. ಅಲ್ಲಿ ನಮ್ಮ ದೇಶದವರೂ ಇದ್ದರೆಂಬುದು ಅನೇಕರಿಗೆ ಗೊತ್ತಿಲ್ಲ. ಆಸ್ಟ್ರೇಲಿಯನ್ನರು ದಡ ಹತ್ತಿದ ಮೊದಲ ದಿನವೇ, 1915ರ ಏಪ್ರಿಲ್ 25ರಂದು, ಭಾರತೀಯ ಪರ್ವತ ಫಿರಂಗಿದಳವೂ ಇಳಿಯಿತು. ಗುಡ್ಡದ ಮೇಲಿನ ಕಂದಕಗಳಿಗೆ ನೀರು, ರೊಟ್ಟಿ, ಮದ್ದುಗುಂಡು ಹೊತ್ತದ್ದು ಹೇಸರಗತ್ತೆಗಳು. ಅವುಗಳನ್ನು ಗುಂಡಿನ ಮಳೆಯಲ್ಲಿ ನಡೆಸಿದವರು ಭಾರತೀಯರು. ಈ ಹೇಸರಗತ್ತೆಯವರ ವಿಷಯವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅಗತ್ಯ ಬೀಳುತ್ತದೆ.

ಫೇಸಿಯವರ ಇಬ್ಬರು ಅಣ್ಣಂದಿರು, ಜೋಸೆಫ್ ಮತ್ತು ರಾಯ್, ಅದೇ ಗ್ಯಾಲಿಪೊಲಿಯಲ್ಲಿ ಮಡಿದರು. ಆಗಸ್ಟ್ ತಿಂಗಳಲ್ಲಿ ಇವರನ್ನೂ ಅಲ್ಲಿಂದ ಸಾಗಿಸಬೇಕಾಯಿತು. ಕಂದಕದಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಅವರು ಬರೆದಿದ್ದಾರೆ. ಊರ ಹೆಂಗಸರು ಸೈನಿಕರಿಗೆ ಕಳಿಸುತ್ತಿದ್ದ ಪೊಟ್ಟಣಗಳಲ್ಲಿ ಇವರ ಪಾಲಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಬಂತು. ಹೆಣೆದವಳು ಬನ್‌ಬರಿ ಎಂಬ ಊರಿನ ಈವ್ಲಿನ್ ಗಿಬ್ಸನ್ ಎಂದು ಚೀಟಿಯಲ್ಲಿತ್ತು. ತಾಯ್ನಾಡಿಗೆ ಮರಳಿದ ಮೇಲೆ ಪರ್ತ್ ನಗರದಲ್ಲಿ ಅಕಸ್ಮಾತ್ತಾಗಿ ಒಬ್ಬ ತರುಣಿಯ ಪರಿಚಯವಾಯಿತು. ಊರು ಕೇಳಿದರೆ ಬನ್‌ಬರಿ, ಹೆಸರು ಕೇಳಿದರೆ ಈವ್ಲಿನ್ ಗಿಬ್ಸನ್! ಕಾದಂಬರಿಯಲ್ಲಿ ಬರೆದರೆ ನಾವು ನಂಬುವುದಿಲ್ಲ. 1916ರ ಆಗಸ್ಟ್ 24ರಂದು ಮದುವೆಯಾಯಿತು.

ಮದುವೆಯ ಹೊತ್ತಿಗೆ ವರನ ಆರೋಗ್ಯ ನೆಟ್ಟಗಿರಲಿಲ್ಲ. ಹೆಚ್ಚೆಂದರೆ ಎರಡು ವರ್ಷ ಬದುಕಬಹುದೆಂದು ವೈದ್ಯರು ಹೇಳಿದ್ದರಂತೆ. ಇಲ್ಲಿ ಒಂದು ಮಾತು ಹೇಳಿಬಿಡುವುದು ನ್ಯಾಯ. ಫೇಸಿ ತಾನು ಮೊದಲ ದಿನವೇ ಗ್ಯಾಲಿಪೊಲಿಯ ದಡ ಹತ್ತಿದೆನೆಂದೂ ಅಲ್ಲಿ ತೀವ್ರವಾಗಿ ಗಾಯಗೊಂಡೆನೆಂದೂ ಬರೆದಿದ್ದಾರೆ. ಸೇನಾ ದಾಖಲೆಗಳ ಪ್ರಕಾರ ಅವರು ಅಲ್ಲಿ ತಲುಪಿದ್ದು ಮೇ 7ರಂದು. ಬಿಡುಗಡೆಗೆ ಕಾರಣ ಹೃದಯದ ತೊಂದರೆ. ಹಾಗಾದರೆ ಮುದುಕ ಸುಳ್ಳು ಬರೆದನೇ? ನನಗೆ ಹಾಗನಿಸುವುದಿಲ್ಲ. ಅರುವತ್ತು ವರ್ಷ ಪ್ರತಿ ಏಪ್ರಿಲ್ 25ಕ್ಕೆ ಇಡೀ ದೇಶ ಆ ದಿನವನ್ನೇ ಹಾಡಿ ಹೊಗಳಿದಾಗ, ಹನ್ನೆರಡು ದಿನ ತಡವಾಗಿ ಬಂದವನ ನೆನಪೂ ಮೆಲ್ಲಗೆ ಅತ್ತ ಜರುಗಿದ್ದರೆ ಆಶ್ಚರ್ಯವಿಲ್ಲ. ಇತಿಹಾಸ ಓದುವವರು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು, ದಾಖಲೆಯನ್ನೂ ನೆನಪನ್ನೂ. ಮೈಯೊಳಗಿನ ಬೇನೆಗಂತೂ ತಾರೀಖಿನ ಹಂಗಿಲ್ಲ.

ಈ ಬೇನೆಯ ಪ್ರಶ್ನೆ ಆಗ ಸಾವಿರಾರು ಮನೆಗಳದ್ದು. ಕಾಲು ಕಳೆದುಕೊಂಡವನಿಗೆ ಪಿಂಚಣಿ ಕೊಡಲು ಸರಕಾರಕ್ಕೆ ಅನುಮಾನವಿರಲಿಲ್ಲ. ಆದರೆ ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಎದೆ ನಡುಗುವವನು, ರಾತ್ರಿ ಕಿರುಚಿ ಏಳುವವನು, ವಿಷಾನಿಲ ಕುಡಿದ ಶ್ವಾಸಕೋಶದಿಂದ ಹತ್ತು ವರ್ಷದ ಮೇಲೆ ಕೆಮ್ಮತೊಡಗಿದವನು ತನ್ನ ಕಾಯಿಲೆ ಯುದ್ಧದಿಂದಲೇ ಬಂದದ್ದೆಂದು ಸಾಧಿಸಿ ತೋರಿಸಬೇಕಾಗಿತ್ತು. ಅರ್ಜಿ ತಳ್ಳಿಹೋದವರು ಮೇಲ್ಮನವಿ ಸಲ್ಲಿಸಲು ನ್ಯಾಯಮಂಡಳಿ ಏರ್ಪಟ್ಟದ್ದು 1929ರಲ್ಲಿ. ನಿರ್ದಿಷ್ಟ ಗಾಯವಿಲ್ಲದಿದ್ದರೂ ಯುದ್ಧದಿಂದಾಗಿ ಅಕಾಲದಲ್ಲಿ ಮುಪ್ಪಾದವನಿಗೆ ಪಿಂಚಣಿ ಕೊಡಬಹುದೆಂದು ಒಪ್ಪಿಕೊಂಡದ್ದು 1935ರ ಕಾನೂನಿನಲ್ಲಿ, ಯುದ್ಧ ಮುಗಿದು ಹದಿನೇಳು ವರ್ಷಗಳ ನಂತರ. ಅಲ್ಲಿಯವರೆಗೆ ಅಂಥವನನ್ನು ಸಾಕಿದವಳು ಅವನ ಹೆಂಡತಿ. ಅವಳ ಹೆಸರಿನಲ್ಲಿ ಪದಕವೇನೂ ಇಲ್ಲ.

ಫೇಸಿ ಸುಮ್ಮನೆ ಕೂರುವ ಜಾತಿಯವರಲ್ಲ. ಪರ್ತಿನ ಟ್ರಾಮ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಮುಂಬಯಿಯಲ್ಲಿ ಟ್ರಾಮ್ ನಿಂತದ್ದು 1964ರ ಮಾರ್ಚ್ 31ರಂದು. ಬೋರಿಬಂದರದಿಂದ ದಾದರಿನವರೆಗೆ ಗಂಟೆ ಬಾರಿಸುತ್ತ ಸಾಗುತ್ತಿದ್ದ ಆ ಗಾಡಿಯ ನೆನಪು ನಮ್ಮ ಹಿರಿಯರಿಗೆ ಇನ್ನೂ ಇದೆ. ಟ್ರಾಮಿನ ಕೆಲಸವೆಂದರೆ ಗೊತ್ತಾದ ಸಂಬಳ, ಗೊತ್ತಾದ ಪಾಳಿ. ಆದರೆ ಬಯಲಿನಲ್ಲಿ ಬೆಳೆದ ಮನುಷ್ಯನಿಗೆ ಸ್ವಂತ ನೆಲದ ಆಸೆ. ಅದೇ ವೇಳೆಗೆ ಸರಕಾರವೂ ಕೈಬೀಸಿ ಕರೆಯುತ್ತಿತ್ತು.

ಆಸ್ಟ್ರೇಲಿಯಾ ಸರಕಾರ ಮರಳಿದ ಸೈನಿಕರಿಗಾಗಿ ಮಾಡಿದ ಎಲ್ಲ ಯೋಜನೆಗಳಲ್ಲಿ ದೊಡ್ಡದು ಈ ಭೂಮಿಯ ಯೋಜನೆ. ಸೈನಿಕನಿಗೆ ಹೊಲ ಕೊಡುವುದು, ಮರ ಕಡಿದು ನೆಲ ಹಸನು ಮಾಡಲು, ನೇಗಿಲು, ಕುದುರೆ, ಬೀಜ ಕೊಳ್ಳಲು ಹಣ ಕೊಡುವುದು. ಕೇಳಲು ಎಷ್ಟು ಚೆಂದ! ಆದರೆ ಇದು ದಾನವಾಗಿರಲಿಲ್ಲ, ಸಾಲವಾಗಿತ್ತು. ನೆಲದ ಬೆಲೆಯೂ ಸಾಲ, ನೇಗಿಲೂ ಸಾಲ, ಎಲ್ಲದರ ಮೇಲೆ ಬಡ್ಡಿ. ಗೋಧಿಯ ತೆನೆ ಬಾಗುವ ಮೊದಲೇ ಅದರ ಮೇಲೆ ಸಾಲ ಕೊಟ್ಟವರ ಹಕ್ಕು. ದೇಶಕ್ಕಾಗಿ ಹೋರಾಡಿದವನಿಗೆ ದೇಶ ತೋರಿದ ಕೃತಜ್ಞತೆಗೆ ಮೂವತ್ತು ವರ್ಷದ ಕಂತು ಕಟ್ಟಬೇಕಾಗಿ ಬಂದದ್ದು ಹೀಗೆ. 37,000ಕ್ಕೂ ಹೆಚ್ಚು ಸೈನಿಕರು ಇಂಥ ನೆಲ ಪಡೆದರು. ಪಶ್ಚಿಮ ಆಸ್ಟ್ರೇಲಿಯಾ ಒಂದರಲ್ಲೇ ಸುಮಾರು 5,000 ಮಂದಿ.

ಈ ನೆಲ ಯಾರದ್ದಾಗಿತ್ತು ಎಂಬ ಪ್ರಶ್ನೆಯೂ ಉಂಟು. ಪರ್ತಿನ ಆಗ್ನೇಯಕ್ಕೆ ಇನ್ನೂರು ಕಿಲೋಮೀಟರಿನಷ್ಟು ದೂರದ ವಿಕೆಪಿನ್ ಸೀಮೆ ನೂಂಗಾರ್ ಎಂಬ ಮೂಲನಿವಾಸಿಗಳ ಭೂಮಿ. ಮೂಲನಿವಾಸಿಗಳಲ್ಲೂ ಸೈನ್ಯಕ್ಕೆ ಸೇರಿ ಹೋರಾಡಿ ಬಂದವರಿದ್ದರು. ಭೂಮಿ ಹಂಚುವಾಗ ಅವರಲ್ಲಿ ಬೆರಳೆಣಿಕೆಯ ಜನಕ್ಕಷ್ಟೇ ಸಿಕ್ಕಿತು. ಇನ್ನು ಗ್ಯಾಲಿಪೊಲಿಯ ಹೇಸರಗತ್ತೆಯವರು? ಬಿಳಿಯರಲ್ಲದವರನ್ನು ದೇಶದೊಳಗೆ ಬಿಡದಿರಲೆಂದೇ ಆಸ್ಟ್ರೇಲಿಯಾ 1901ರಲ್ಲಿ ಒಂದು ಕಾನೂನು ಮಾಡಿತ್ತು. ಬಂದವರಿಗೆ ಅಧಿಕಾರಿ ತನಗೆ ಬೇಕಾದ ಯೂರೋಪಿನ ಭಾಷೆಯಲ್ಲಿ ಉಕ್ತಲೇಖನ ಕೊಡುತ್ತಿದ್ದ. ತಪ್ಪಿದರೆ ಹಡಗು ಹತ್ತಬೇಕು. ಫೇಸಿಗೆ ಕಂದಕದಲ್ಲಿ ನೀರು ತಂದುಕೊಟ್ಟ ಭಾರತೀಯ, ಯುದ್ಧ ಮುಗಿದ ಮೇಲೆ ಫೇಸಿಯ ಪಕ್ಕದ ಹೊಲ ಬೇಕೆಂದು ಹೋಗಿದ್ದರೆ ಬಂದರಿನಲ್ಲೇ ತಡೆಯುತ್ತಿದ್ದರು. ಇದಕ್ಕೆ ಫೇಸಿ ಹೊಣೆಯಲ್ಲ. ಆದರೂ ನಾವು ಓದುವಾಗ ಇದು ನೆನಪಾಗದೆ ಇರದು.

1922ರಲ್ಲಿ ಸಂಸಾರ ವಿಕೆಪಿನ್ ಸೀಮೆಗೆ ಹೋಯಿತು. ಅಲ್ಲಿಯ ಗೋಧಿ ಸೀಮೆಯ ಮನೆಗಳ ಬದುಕನ್ನು ನಮ್ಮ ಓದುಗರು ಊಹಿಸಿಕೊಳ್ಳಬಲ್ಲರು. ಸೀಮೆಎಣ್ಣೆಯ ಡಬ್ಬಿಯೇ ಬಕೆಟ್ಟು, ಅದನ್ನೇ ಕತ್ತರಿಸಿದರೆ ಕಪಾಟು. ಹಿಟ್ಟಿನ ಚೀಲ ಬಿಚ್ಚಿ ಮಕ್ಕಳಿಗೆ ಅಂಗಿ, ಗೋಣಿತಟ್ಟು ಸೇರಿಸಿ ಹೊಲಿದರೆ ಕಂಬಳಿ. ನಮ್ಮೂರಿನ ಕೌದಿಯ ತಂಗಿ ಎನ್ನಬಹುದು. ಹೊಲಕ್ಕೆ ಮೊಲಗಳ ಕಾಟ. ಅವುಗಳನ್ನು ತಡೆಯಲು ಆ ಪ್ರಾಂತದಲ್ಲಿ ನೂರಾರು ಮೈಲು ಉದ್ದದ ಬೇಲಿಯನ್ನು 1907ರಲ್ಲೇ ಮುಗಿಸಿದ್ದರು. ಮೊಲಗಳು ಅದರಾಚೆಗೂ ಬಂದವು. ಮೊಲದ ಮಾಂಸ ಬಡವರ ಊಟವಾಯಿತು, ಅದರ ಚರ್ಮ ಮಾರಿ ನಾಲ್ಕು ಕಾಸು ಕಂಡರು.

ಮೊಲ ಸಾಲದೆಂದು ಎಮು ಪಕ್ಷಿಗಳೂ ಬಂದವು. 1932ರಲ್ಲಿ ಕ್ಯಾಂಪಿಯನ್ ಎಂಬಲ್ಲಿ ಸುಮಾರು ಇಪ್ಪತ್ತು ಸಾವಿರ ಎಮುಗಳು ಮಾಜಿ ಸೈನಿಕರ ಗೋಧಿ ಹೊಲಗಳಿಗೆ ನುಗ್ಗಿದಾಗ, ಸರಕಾರ ಒಬ್ಬ ಮೇಜರನ ಕೈಯಲ್ಲಿ ಎರಡು ಮೆಷಿನ್‌ಗನ್ನುಗಳನ್ನೂ ಹತ್ತು ಸಾವಿರ ಗುಂಡುಗಳನ್ನೂ ಕೊಟ್ಟು ಕಳಿಸಿತು. ಹಕ್ಕಿಗಳು ಚದುರಿ ಓಡಿದವು, ಮತ್ತೆ ಬಂದವು. ಪತ್ರಿಕೆಗಳು ಇದನ್ನು ‘ಎಮು ಯುದ್ಧ’ ಎಂದು ಗೇಲಿ ಮಾಡಿದವು. ಇಂದಿಗೂ ಜನ ಹೇಳಿಕೊಂಡು ನಗುತ್ತಾರೆ. ಕಂತು ಕಟ್ಟಲಾರದೆ ಪೈರು ಕಾಯುತ್ತಿದ್ದ ಆ ಮನೆಗಳಲ್ಲಿ ಎಷ್ಟು ಜನ ನಕ್ಕರೋ.

ನಿಜವಾದ ಹೊಡೆತ ಬಂದದ್ದು ಬೆಲೆಯಿಂದ. ಇಪ್ಪತ್ತರ ದಶಕದ ನಡುವೆ ಒಂದು ಬುಶೆಲ್ ಗೋಧಿಗೆ, ಅಂದರೆ ಸುಮಾರು 27 ಕಿಲೋಗೆ, ಐದು ಶಿಲಿಂಗಿಗಿಂತ ಹೆಚ್ಚು ಸಿಗುತ್ತಿತ್ತು. ಜಗತ್ತಿನ ಆರ್ಥಿಕ ಕುಸಿತದಲ್ಲಿ ಅದು ಎರಡು ಶಿಲಿಂಗಿನ ಆಸುಪಾಸಿಗೆ ಇಳಿಯಿತು. 1930ರಲ್ಲಿ ಪ್ರಧಾನಿ ಸ್ಕಲಿನ್ ರೈತರಿಗೆ ಹೆಚ್ಚು ಗೋಧಿ ಬೆಳೆಯಿರೆಂದು ಕರೆ ಕೊಟ್ಟು ಬುಶೆಲಿಗೆ ನಾಲ್ಕು ಶಿಲಿಂಗಿನ ಮಾತಾಡಿದರು. ರೈತರು ನಂಬಿ ಇದ್ದಬದ್ದ ನೆಲವನ್ನೆಲ್ಲ ಉತ್ತು ಬೆಳೆದರು. ಆ ಹಣ ಕೈಗೆ ಬರಲಿಲ್ಲ. ಬೆಳೆದಷ್ಟೂ ನಷ್ಟ.

ಅದಕ್ಕೆ ಮೊದಲೇ, 1929ರಲ್ಲಿ, ನ್ಯಾಯಮೂರ್ತಿ ಪೈಕ್ ಅವರು ಈ ಭೂಮಿಯ ಯೋಜನೆಯ ಲೆಕ್ಕ ತೆಗೆದು ಎರಡು ಕೋಟಿ ಮೂವತ್ತೈದು ಲಕ್ಷ ಪೌಂಡು ನಷ್ಟವೆಂದು ವರದಿ ಕೊಟ್ಟಿದ್ದರು. ರೈತರ ಬಳಿ ಬಂಡವಾಳವಿಲ್ಲದ್ದು, ಹಂಚಿದ ಹೊಲಗಳು ಒಂದು ಸಂಸಾರಕ್ಕೆ ಸಾಲದಷ್ಟು ಚಿಕ್ಕವಾದದ್ದು, ಬೆಳೆಯ ಬೆಲೆ ಇಳಿದದ್ದು, ಮತ್ತು ಒಕ್ಕಲುತನಕ್ಕೆ ತಕ್ಕವರಲ್ಲದ ಜನ ನೆಲ ಹಿಡಿದದ್ದು ಅವರು ಕೊಟ್ಟ ಕಾರಣಗಳು. ಕೊನೆಯ ಕಾರಣವನ್ನು ಊರ ಜನ ಚೆನ್ನಾಗಿ ಹಿಡಿದುಕೊಂಡರು. ಗುಮಾಸ್ತರೂ ಅಂಗಡಿಯವರೂ ನೇಗಿಲು ಹಿಡಿದರೆ ಇನ್ನೇನಾಗುತ್ತದೆ ಎಂಬ ಮಾತು ಎಲ್ಲೆಡೆ. ಫೇಸಿಯವರ ಉದಾಹರಣೆ ಮುಖ್ಯವಾಗುವುದು ಇಲ್ಲಿಯೇ. ಎಂಟನೆಯ ವಯಸ್ಸಿನಿಂದ ಹೊಲದಲ್ಲಿ ಬೆಳೆದ, ಬಾವಿ ತೋಡಲು, ಬೇಲಿ ಹಾಕಲು, ದನ ಅಟ್ಟಲು ಬಲ್ಲ ಮನುಷ್ಯ. ಕುಡಿತವಿಲ್ಲ, ಸೋಮಾರಿತನವಿಲ್ಲ. ಹೆಂಡತಿ ಅಷ್ಟೇ ಗಟ್ಟಿಗಿತ್ತಿ. ಹನ್ನೆರಡು ವರ್ಷ ದುಡಿದು 1934ರಲ್ಲಿ ಇಂಥವರೂ ನೆಲ ಬಿಟ್ಟು ಹೊರಟರು. ಯೋಗ್ಯತೆಯಿಲ್ಲದವರು ಸೋತರು ಎನ್ನುವ ವಿವರಣೆ ಅವರ ಮುಂದೆ ನಿಲ್ಲುವುದಿಲ್ಲ.

ಮತ್ತೆ ಪರ್ತ್, ಮತ್ತೆ ಟ್ರಾಮ್ ಕೆಲಸ. ನಲವತ್ತು ತುಂಬಿದವನು ಮೊದಲಿನಿಂದ ಆರಂಭಿಸುವುದೆಂದರೇನು ಎಂಬುದನ್ನು ಊರಿನಲ್ಲಿ ಗದ್ದೆ ಕೈತಪ್ಪಿ ಈ ನಗರಕ್ಕೆ ಬಂದವರಿಗೆ ವಿವರಿಸಬೇಕಾಗಿಲ್ಲ. ಆದರೆ ಈ ಸಲ ಬಂದ ಫೇಸಿ ಬೇರೆ ಮನುಷ್ಯ. ಒಬ್ಬಂಟಿಯಾಗಿ ಎಷ್ಟು ದುಡಿದರೂ ಬೆಲೆಯನ್ನೂ ಬಡ್ಡಿಯನ್ನೂ ಎದುರಿಸಲಾಗದೆಂದು ಹೊಲ ಕಲಿಸಿತ್ತೆಂದು ನನಗೆ ತೋರುತ್ತದೆ. ಟ್ರಾಮ್ ನೌಕರರ ಯೂನಿಯನ್ನಿನಲ್ಲಿ ಮುಂದಾಳಾಗಿ, ಕೆಲವು ವರ್ಷ ಅದರ ಅಧ್ಯಕ್ಷರೂ ಆದರು. ಅಧಿಕಾರಿಗಳ ಎದುರು ಕುಳಿತು ಪಾಳಿ, ಸಂಬಳ, ರಜೆಗಳ ಬಗ್ಗೆ ವಾದಿಸಿದರು. ಮುಂದೆ ಜಸ್ಟಿಸ್ ಆಫ್ ದಿ ಪೀಸ್ ಆಗಿಯೂ ನೇಮಕಗೊಂಡರು. ಬಿಡುವಿನಲ್ಲಿ ಕೋಳಿ, ಹಂದಿ ಸಾಕಿದರು. ಏಳು ಮಕ್ಕಳ ಮನೆ, ಒಂದೇ ಸಂಬಳ ಎಲ್ಲಿ ಸಾಕು?

ಮನೆ ಸ್ವಲ್ಪ ನಿಂತಿತೆನ್ನುವಾಗ 1939ರ ಯುದ್ಧ ಬಂತು. ಮೂವರು ಗಂಡುಮಕ್ಕಳು ಸೈನ್ಯಕ್ಕೆ ಸೇರಿದರು. ಹಿರಿಯ ಮಗ ಬಾರ್ನಿ ಸಿಂಗಾಪುರದಲ್ಲಿದ್ದ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರಿಗೆ ಶರಣಾಯಿತು. ಸುಮಾರು ಹದಿನೈದು ಸಾವಿರ ಆಸ್ಟ್ರೇಲಿಯನ್ನರು, ಅದಕ್ಕಿಂತ ಬಹಳ ಹೆಚ್ಚು ಸಂಖ್ಯೆಯ ಭಾರತೀಯ ಸಿಪಾಯಿಗಳು ಸೆರೆಸಿಕ್ಕರು. ಆಮೇಲೆ ಮೂರೂವರೆ ವರ್ಷ ಆ ಕಡೆಯಿಂದ ಸುದ್ದಿ ಬರುವುದೇ ಕಷ್ಟವಾಯಿತು. ಪರ್ತಿನಲ್ಲಾಗಲಿ ಪಂಜಾಬಿನಲ್ಲಾಗಲಿ ‘ಕಾಣೆಯಾಗಿದ್ದಾನೆ’ ಎಂಬ ಒಂದು ಸಾಲಿನ ಕಾಗದವನ್ನು ಮಡಿಸಿಟ್ಟುಕೊಂಡು ತಾಯಂದಿರು ಕಾದರು. ಜಪಾನೀಯರ ಸೆರೆಗೆ ಸಿಕ್ಕ ಆಸ್ಟ್ರೇಲಿಯನ್ನರಲ್ಲಿ ಮೂರರಲ್ಲೊಂದು ಪಾಲು ಜನ ಸತ್ತರು. ಬಾರ್ನಿಗೆ ಸೆರೆಯೂ ಬರಲಿಲ್ಲ. ಅವನು ಸಿಂಗಾಪುರ ಬೀಳುವ ದಿನಗಳಲ್ಲೇ ಬಾಂಬಿಗೆ ಸಿಕ್ಕಿ ಸತ್ತಿದ್ದ. ಖಚಿತವಾದ ಸುದ್ದಿ ಮನೆಗೆ ಮುಟ್ಟುವವರೆಗೆ ಸತ್ತ ಮಗನಿಗಾಗಿ ಕಾದದ್ದಾಯಿತು.

ಇಬ್ಬರು ಅಣ್ಣಂದಿರನ್ನು ಒಂದು ಯುದ್ಧಕ್ಕೆ, ಹಿರಿಯ ಮಗನನ್ನು ಇನ್ನೊಂದಕ್ಕೆ ಕೊಟ್ಟ ಮನುಷ್ಯ. ಯುದ್ಧಗಳನ್ನು ಕಂಡ ಮೇಲೆ ತನಗೆ ದೇವರ ಮೇಲಿನ ನಂಬಿಕೆ ಉಳಿಯಲಿಲ್ಲವೆಂದು ಫೇಸಿ ನೇರವಾಗಿ ಬರೆದಿದ್ದಾರೆ. ಆ ಮಾತಿನಲ್ಲಿ ಸಿಟ್ಟಿಲ್ಲ. ಮಳೆ ಬರಲಿಲ್ಲ ಎಂದು ರೈತ ಹೇಳುವ ಹಾಗೆ ಹೇಳುತ್ತಾರೆ. ಈವ್ಲಿನ್ ಏನು ನಂಬಿದರು, ಏನು ಬಿಟ್ಟರು ಎಂಬುದು ಅವರ ಮಾತಿನಲ್ಲಿ ನಮಗೆ ದೊರೆಯುವುದಿಲ್ಲ. ಬರೆದವನು ಗಂಡ. ಮಗ ಹೋದ ದುಃಖದಿಂದ ಆಕೆ ಚೇತರಿಸಿಕೊಳ್ಳಲಿಲ್ಲವೆಂದು ಮಾತ್ರ ತಿಳಿಯುತ್ತದೆ.

ಬರೆಯಲು ಹಚ್ಚಿದವರೂ ಆಕೆಯೇ. ಸಂಜೆ ಹೊತ್ತು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನು ಕಾಗದದ ಮೇಲೆ ಇಡಿರೆಂದು ಮನೆಯವರು ಒತ್ತಾಯಿಸಿದರು. ಫೇಸಿ ಅಡಿಗೆಮನೆಯ ಮೇಜಿನ ಬಳಿ ಕುಳಿತು ಶಾಲೆಯ ಮಕ್ಕಳ ನೋಟುಬುಕ್ಕುಗಳಲ್ಲಿ ವರ್ಷಗಟ್ಟಲೆ ಬರೆದರು. ಕೊನೆಗೆ ಪರ್ತಿನ ಪಕ್ಕದ ಫ್ರೀಮ್ಯಾಂಟಲಿನ ಒಂದು ಸಣ್ಣ ಪ್ರಕಾಶನ ಸಂಸ್ಥೆಗೆ ಒಯ್ದು, ಮನೆಮಂದಿಗಾಗಿ ಇಪ್ಪತ್ತು ಪ್ರತಿ ಅಚ್ಚುಹಾಕಿ ಕೊಡುತ್ತೀರಾ ಎಂದು ಕೇಳಿದರು. ಓದಿ ನೋಡಿದವರು ಬೆರಗಾಗಿ ತಾವೇ ಪ್ರಕಟಿಸಿದರು. 1981ರಲ್ಲಿ ಪುಸ್ತಕ ಹೊರಬಂದಾಗ ಲೇಖಕರಿಗೆ ಎಂಬತ್ತಾರು ವರ್ಷ. ಪ್ರಶಸ್ತಿಗಳು ಬಂದವು, ಮುಂದೆ ಲಕ್ಷಾಂತರ ಪ್ರತಿಗಳು ಮಾರಾಟವಾದವು, ದೂರದರ್ಶನದ ಧಾರಾವಾಹಿಯಾಯಿತು. ಅದನ್ನೆಲ್ಲ ನೋಡಲು ಅವರು ಇರಲಿಲ್ಲ. 1982ರ ಫೆಬ್ರವರಿಯಲ್ಲಿ ತೀರಿಕೊಂಡರು. ಸಾಲ ಕಟ್ಟಲಾರದೆ ಬಿಟ್ಟುಹೋದ ಸೀಮೆಯವರೇ ಅವರ ಹಳೆಯ ಮನೆಯನ್ನು ಬಿಚ್ಚಿ ತಂದು ವಿಕೆಪಿನ್ ಊರೊಳಗೆ ನಿಲ್ಲಿಸಿದ್ದಾರೆ. ಪ್ರವಾಸಿಗಳು ಹೋಗಿ ನೋಡುತ್ತಾರೆ.

ಇಷ್ಟೆಲ್ಲ ಅನುಭವಿಸಿದವನು ತನ್ನ ಬಾಳನ್ನು ಭಾಗ್ಯದ ಬಾಳೆಂದು ಕರೆದದ್ದು ವ್ಯಂಗ್ಯವೋ ಎಂದು ನಾನು ಮೊದಲು ಅನುಮಾನಿಸಿದ್ದೆ. ಪುಸ್ತಕದ ಕೊನೆಗೆ ಬಂದಾಗ ಹಾಗನಿಸಲಿಲ್ಲ.  ಕೊನೆಯಲ್ಲಿ ಅವರು ಈವ್ಲಿನ್ ತೀರಿಕೊಂಡದ್ದನ್ನು ಹೇಳುತ್ತಾರೆ. ಅದು 1976ರ ಆಗಸ್ಟ್ 3. ಕಾಲುಚೀಲ ಹೆಣೆದು ಕಳಿಸಿದ್ದ ಆ ಹುಡುಗಿಯನ್ನು ಕೈಹಿಡಿದು ಅರುವತ್ತು ವರ್ಷ ತುಂಬಲು ಇನ್ನು ಮೂರು ವಾರ ಉಳಿದಿತ್ತು.